ಲೋಟದ ತಳದಲ್ಲೊಂದು ಮೀನು

ಸಂಜೆ ಆರು ಗಂಟೆಗೆ ಮದ್ದೂರಿನ ನಮ್ಮಕ್ಕನ ಮನೆಗೆ ಯಾರೇ ಹೋದರೂ ಒಂದು ಯುದ್ಧ ನೋಡಬಹುದು. ಒಂದು ಕಡೆ ಅಕ್ಕ, ಅವಳ ಕೈಯಲ್ಲಿ ಹಾಲು ತುಂಬಿದ ಸ್ಟೀಲ್ ಲೋಟ. ಇನ್ನೊಂದು ಕಡೆ ಅವಳ ನಾಲ್ಕು ವರ್ಷದ ಮಗ ಪುಟ್ಟ, ಮಂಚದ ಕೆಳಗೆ. ‘ಬಾ ಕಂದಾ, ಒಂದೇ ಒಂದು ಗುಟುಕು’ ಎಂದು ಶುರುವಾಗುವ ಸಂಧಾನ ಐದು ನಿಮಿಷದಲ್ಲಿ ‘ಗುಮ್ಮನ್ನ ಕರೀತೀನಿ ನೋಡು’ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಹತ್ತನೇ ನಿಮಿಷಕ್ಕೆ ಹಾಲು ನೆಲದ ಮೇಲೆ, ಒರೆಸುವ ಬಟ್ಟೆ ಅಕ್ಕನ ಕೈಯಲ್ಲಿ, ಅಳು ಇಬ್ಬರ ಕಣ್ಣಲ್ಲೂ.

ಕಳೆದ ದಸರಾ ರಜೆಗೆ ನಾನು ಅಲ್ಲಿಗೆ ಹೋಗಿದ್ದೆ. ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ವಿಷಯ ಕೊಡಲು ಉಳಿದಿದ್ದು ಮೂರೇ ದಿನ. ನಮ್ಮದು ಮೆಕ್ಯಾನಿಕಲ್ ವಿಭಾಗ, ನಾಲ್ವರ ಟೀಮು. ಡ್ರೋನ್, ಸ್ಮಾರ್ಟ್ ಹೆಲ್ಮೆಟ್, ಕಳೆ ಕೀಳುವ ಯಂತ್ರ ಇವೆಲ್ಲ ಆಗಲೇ ಬೇರೆ ಟೀಮುಗಳ ಪಾಲಾಗಿದ್ದವು. ನಾನು ಮೊಬೈಲಿನಲ್ಲಿ ‘ಈಸಿ ಮಿನಿ ಪ್ರಾಜೆಕ್ಟ್ಸ್’ ಎಂದು ಹುಡುಕುತ್ತಾ ಕೂತಿದ್ದಾಗ, ನೆಲ ಒರೆಸುತ್ತಿದ್ದ ಅಕ್ಕ ತಲೆ ಎತ್ತಿ, ‘ಎಂಜಿನಿಯರಿಂಗ್ ಓದ್ತಾ ಇದೀಯಲ್ಲ, ಇವನು ಹಾಲು ಕುಡಿಯೋ ಹಂಗೆ ಒಂದು ಲೋಟ ಮಾಡ್ಕೊಡು ನೋಡೋಣ’ ಎಂದಳು. ಅವಳು ಹೇಳಿದ್ದು ಸಿಟ್ಟಿನಲ್ಲಿ. ನಾನು ಅದನ್ನೇ ವಿಷಯ ಮಾಡಿಕೊಂಡೆ: ‘ಮಕ್ಕಳಿಗಾಗಿ ಒಂದು ಮೋಜಿನ ಲೋಟ’.

ನಮ್ಮ ಗೈಡ್ ಎರಡು ಸಲ ಕೇಳಿದರು, ‘ಲೋಟಾನಾ? ಲೋಟಾನೇನಾ?’ ಕೊನೆಗೆ ‘ಆಯ್ತು ಮಾಡಿ, ಆದ್ರೆ ಏನಾದ್ರೂ ಹೊಸದಿರಬೇಕು’ ಎಂದು ಸಹಿ ಹಾಕಿದರು. ಆ ‘ಹೊಸದು’ ಎಂಬ ಪದ ಮುಂದಿನ ಎರಡು ತಿಂಗಳು ನಮ್ಮನ್ನು ಕುಣಿಸಿತು.

ಹಾಡುವ ಲೋಟ

ಮಕ್ಕಳಿಗೆ ಏನಿಷ್ಟ? ಬೆಳಕು ಮತ್ತು ಹಾಡು. ನಾಲ್ವರೂ ಒಂದೇ ನಿಮಿಷದಲ್ಲಿ ಒಪ್ಪಿಕೊಂಡೆವು. ಪ್ಲಾಸ್ಟಿಕ್ ಲೋಟದ ಅಡಿಗೆ ಇನ್ನೊಂದು ತಳ ಅಂಟಿಸಿ, ಅದರೊಳಗೆ ಮೂರು ಎಲ್‌ಇಡಿ, ವಾಲಿಸಿದರೆ ಆನ್ ಆಗುವ ಸ್ವಿಚ್, ಹಾಡುವ ಗ್ರೀಟಿಂಗ್ ಕಾರ್ಡಿನಿಂದ ಬಿಚ್ಚಿದ ಚಿಪ್ ಇಟ್ಟೆವು. ಕುಡಿಯಲು ಲೋಟ ವಾಲಿಸಿದರೆ ಬಣ್ಣದ ಬೆಳಕು ಬಂದು ಹಾಡು ಶುರುವಾಗಬೇಕು. ಹಾಸ್ಟೆಲಿನಲ್ಲಿ ಅದು ಸೂಪರ್ ಹಿಟ್ ಆಯಿತು. ಪಕ್ಕದ ರೂಮಿನವರು ಬಂದು ಅದರಲ್ಲಿ ಟೀ ಕುಡಿದು ಹೋದರು.

ಪುಟ್ಟನಿಗೂ ಬಹಳ ಇಷ್ಟವಾಯಿತು. ಹಾಲಿದ್ದ ಲೋಟವನ್ನು ಮೊದಲ ಸಲ ವಾಲಿಸಿದ, ಹಾಡು ಬಂತು, ಒಂದು ಗುಟುಕು ಒಳಗೆ ಹೋಯಿತು. ಅಕ್ಕ ನನ್ನತ್ತ ನೋಡಿದ ನೋಟದಲ್ಲಿ ನನಗೆ ಆಗಲೇ ಡಿಗ್ರಿ ಸಿಕ್ಕಿತ್ತು. ಎರಡನೇ ನಿಮಿಷಕ್ಕೆ ಆ ಚೋಟುದ್ದದ ಹುಡುಗ ನಮ್ಮ ಸರ್ಕ್ಯೂಟಿನ ಗುಟ್ಟು ಕಂಡುಹಿಡಿದ. ಹಾಡು ಬರಲು ಕುಡಿಯಬೇಕಾಗಿಲ್ಲ, ವಾಲಿಸಿದರೆ ಸಾಕು! ಹಾಲನ್ನು ಚಾಪೆಗೆ ಸುರಿದು, ಖಾಲಿ ಲೋಟ ಹಿಡಿದು ಮನೆಯೆಲ್ಲ ಹಾಡಿಸಿಕೊಂಡು ಓಡಾಡಿದ.

ಅವತ್ತು ನಮ್ಮಮ್ಮನೂ ಅಲ್ಲಿದ್ದಳು. ಅಮ್ಮ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ದಿನಕ್ಕೆ ಐವತ್ತು ತಟ್ಟೆ, ಐವತ್ತು ಲೋಟ ನೋಡುವವಳು. ನಮ್ಮ ಲೋಟವನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದಳು: ‘ಇದನ್ನ ತೊಳೆಯೋದು ಹೆಂಗಪ್ಪಾ?’

ನಾಲ್ವರಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ. ನೀರು ತಾಗಿದರೆ ಚಿಪ್ ಹಾಳು, ತಾಗದಿದ್ದರೆ ಹಾಲಿನ ವಾಸನೆ. ಇನ್ನೂ ದೊಡ್ಡ ತಪ್ಪು ಆಮೇಲೆ ಗೊತ್ತಾಯಿತು. ಆ ಚಿಪ್ಪಿಗೆ ಹಾಕಿದ್ದು ಗುಂಡಿ ಆಕಾರದ ಪುಟ್ಟ ಸೆಲ್. ಮಗು ಅಂಥದ್ದನ್ನು ನುಂಗಿದರೆ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಮಾಡಬಲ್ಲದು. ನಮ್ಮ ತಳ ನಿಂತಿದ್ದು ಬರೀ ಫೆವಿಕ್ವಿಕ್ ಮೇಲೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ‘ಆ ಲೋಟ ಅಟ್ಟದ ಮೇಲಿಡು’ ಎಂದೆ.

ಮಂಡಿಯೂರಿದ ಆನೆ

ಎರಡನೇ ಪ್ರಯತ್ನಕ್ಕೆ ಕರೆಂಟಿನ ಸಹವಾಸ ಬಿಟ್ಟೆವು. ಕಾಲೇಜಿನ ಲ್ಯಾಬಿನಲ್ಲಿ 3ಡಿ ಪ್ರಿಂಟರ್ ಇದೆ. ಕಂಪ್ಯೂಟರಿನಲ್ಲಿ ಆನೆಯ ಆಕಾರದ ಲೋಟ ಬರೆದೆವು. ಸೊಂಡಿಲೇ ಹಿಡಿ, ಕಿವಿಗಳನ್ನು ಬಿಚ್ಚಿ ಬೇರೆ ಬಣ್ಣದ ಕಿವಿ ಹಾಕಬಹುದು. ಒಂಬತ್ತು ಗಂಟೆ ಪ್ರಿಂಟ್ ಆಗಿ ಹೊರಬಂದ ಆನೆ ಜಂಬೂಸವಾರಿಗೆ ಹೊರಟಂತೆ ಇತ್ತು.

ಬಿಸಿ ಹಾಲು ಹಾಕಿದೆವು. ಆನೆ ನಿಧಾನವಾಗಿ ಒಂದು ಪಕ್ಕಕ್ಕೆ ಮಂಡಿಯೂರಿತು.

ಅದರ ಕಾರಣ ನಮ್ಮ ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲೇ ಇತ್ತು, ಪರೀಕ್ಷೆಗೆ ಓದಿ ಪರೀಕ್ಷೆಯ ದಿನವೇ ಮರೆತಿದ್ದೆವು. ಪ್ರಿಂಟರಿಗೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ಡಬ್ಬಿ, ಟಿಫಿನ್ ಬಾಕ್ಸುಗಳಿಗೆ ಬಳಸುವ ಪಾಲಿಪ್ರೊಪಿಲೀನ್ ಕರಗಲು ಸುಮಾರು 160 ಡಿಗ್ರಿ ಬೇಕು. ಜೊತೆಗೆ, ಪ್ರಿಂಟರ್ ಎಳೆಯ ಮೇಲೆ ಎಳೆ ಕೂರಿಸಿ ಲೋಟ ಕಟ್ಟುವುದರಿಂದ ಎಳೆಗಳ ನಡುವೆ ಸಣ್ಣ ಸಣ್ಣ ಸಂದು ಉಳಿಯುತ್ತವೆ. ಅಲ್ಲಿ ಸೇರಿದ ಹಾಲು ಎಷ್ಟು ಉಜ್ಜಿದರೂ ಹೋಗದು. ಅಮ್ಮನ ಪ್ರಶ್ನೆ ಮತ್ತೆ ಎದುರಿಗೆ ನಿಂತಿತ್ತು.

ಇನ್ನು ಕಿವಿಗಳ ಕಥೆ. ಆಟಿಕೆಗಳ ಸುರಕ್ಷತೆ ಬಗ್ಗೆ ಓದಿದಾಗ ಒಂದು ಸರಳ ಪರೀಕ್ಷೆ ಸಿಕ್ಕಿತು. 31.7 ಮಿ.ಮೀ. ವ್ಯಾಸದ ಒಂದು ಪುಟ್ಟ ಸಿಲಿಂಡರ್. ಅದು ಎಳೆ ಮಗುವಿನ ಗಂಟಲಿನ ಅಳತೆಯ ಲೆಕ್ಕ. ಆಟಿಕೆಯಿಂದ ಬಿಚ್ಚಿಬಂದ ತುಂಡು ಅದರೊಳಗೆ ಪೂರ್ತಿ ಕೂತರೆ, ಅದು ಚಿಕ್ಕ ಮಕ್ಕಳ ಉಸಿರು ಕಟ್ಟಿಸಬಲ್ಲದು ಎಂದರ್ಥ. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನಾವು ಅದೇ ಅಳತೆಯ ಪೈಪಿನ ತುಂಡು ಮಾಡಿಕೊಂಡು ಆನೆಯ ಕಿವಿ ಹಾಕಿ ನೋಡಿದೆವು. ಟಣ್ ಎಂದು ಒಳಗೆ ಬಿತ್ತು. ಆನೆಯೂ ಅಟ್ಟ ಸೇರಿತು.

ಕೃಷ್ಣನ ಪಾದ ತಾಗಿದಾಗ

ಆಗ ನಮ್ಮ ಟೀಮಿನ ಹುಡುಗಿಯೊಬ್ಬಳು ಹಿತ್ತಾಳೆಯ ಹಳೆಯ ಬಟ್ಟಲೊಂದರ ವಿಚಾರ ತಂದಳು. ವಾಸುದೇವನ ಬಟ್ಟಲು. ಬಟ್ಟಲಿನ ನಡುವೆ ತಲೆಯ ಮೇಲೆ ಕೂಸು ಕೃಷ್ಣನನ್ನು ಹೊತ್ತ ವಸುದೇವ ನಿಂತಿರುತ್ತಾನೆ. ನೀರು ಹಾಕುತ್ತಾ ಹೋದರೆ ಯಮುನೆಯಂತೆ ಏರುತ್ತದೆ. ಕೃಷ್ಣನ ಪಾದ ತಾಗಿದ ಕೂಡಲೇ ತಳದ ತೂತಿನಿಂದ ಅಷ್ಟೂ ನೀರು ಸುರಿದುಹೋಗಿ ಬಟ್ಟಲು ಖಾಲಿ! ವಿಜ್ಞಾನದ ಆಟಿಕೆಗಳನ್ನು ಮಾಡುವ ಅರವಿಂದ ಗುಪ್ತಾ ಅವರೂ ಇದನ್ನು ಮಕ್ಕಳಿಗೆ ತೋರಿಸಿದ್ದಾರೆ. ಗ್ರೀಕರಲ್ಲಿ ಇಂಥದ್ದೇ ಬಟ್ಟಲು ಪೈಥಾಗರಸ್‌ನ ಹೆಸರಿನಲ್ಲಿದೆ. ಮೂರ್ತಿಯೊಳಗೆ ಬಗ್ಗಿಸಿದ ಕೊಳವೆ ಅಡಗಿರುತ್ತದೆ. ನೀರು ಆ ಬಾಗಿನ ತುದಿ ದಾಟಿದರೆ ಸೈಫನ್ ಶುರುವಾಗಿ, ಕೊನೆಯ ಹನಿಯವರೆಗೂ ಎಳೆದುಕೊಳ್ಳುತ್ತದೆ. ಡ್ರಮ್ಮಿನಿಂದ ಪೈಪ್ ಹಾಕಿ ಸೀಮೆಎಣ್ಣೆ ಎಳೆಯುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಪಾರದರ್ಶಕ ಲೋಟದಲ್ಲಿ ಬಾಗುವ ಸ್ಟ್ರಾ ಕೂರಿಸಿ ನಾವೂ ಒಂದು ಮಾಡಿದೆವು. ಪುಟ್ಟ ಅದನ್ನು ಬಿಡಲೇ ಇಲ್ಲ. ಇಪ್ಪತ್ತು ಸಲ ತುಂಬಿಸಿದ, ಇಪ್ಪತ್ತು ಸಲ ಖಾಲಿಯಾಯಿತು. ಪ್ರತಿ ಸಲವೂ ‘ನೀರು ಎಲ್ಲೋಯ್ತು ಮಾಮಾ?’ ಕುಡಿದದ್ದು ಮಾತ್ರ ಸೊನ್ನೆ. ಕುಡಿಯುವ ಮೊದಲೇ ಖಾಲಿಯಾಗುವ ಲೋಟದಲ್ಲಿ ಯಾರು ತಾನೇ ಏನು ಕುಡಿದಾರು? ಅಕ್ಕ ಬಚ್ಚಲಿನಿಂದ ಕೂಗಿದಳು, ‘ಇನ್ನು ನೀನು ಏನೂ ಮಾಡ್ಬೇಡ, ಪ್ಲೀಸ್!’

ಆದರೆ ಆ ದಿನ ಒಂದು ಸೂಚನೆ ಸಿಕ್ಕಿತ್ತು. ಪುಟ್ಟನಿಗೆ ಬೇಕಾದದ್ದು ಬೆಳಕಲ್ಲ, ಹಾಡಲ್ಲ. ‘ಕೊನೆಗೆ ಏನಾಗುತ್ತೆ’ ಎನ್ನುವ ಕುತೂಹಲ. ಅದನ್ನು ಎಲ್ಲಿ ಬಳಸಬೇಕೆಂದು ಮಾತ್ರ ನಮಗೆ ತಿಳಿದಿರಲಿಲ್ಲ.

ಮೊದಲು ನೋಡಬೇಕಿತ್ತು

ಪ್ರಾಜೆಕ್ಟ್ ರಿಪೋರ್ಟಿನಲ್ಲಿ ‘ಹಿಂದೆ ಆಗಿರುವ ಕೆಲಸ’ ಎಂಬ ಅಧ್ಯಾಯ ಇರಲೇಬೇಕು. ಎಲ್ಲರಂತೆ ನಾವೂ ಅದನ್ನು ಕೊನೆಗೆ ಬರೆಯಲು ಕೂತೆವು. ಅಲ್ಲಿ ಸಿಕ್ಕ ಎರಡು ಕಥೆಗಳು ನಮ್ಮ ಕಿವಿ ಹಿಂಡಿದವು.

ಬ್ರಿಟನ್ನಿನ ಮ್ಯಾಂಡಿ ಹೇಬರ್‌ಮನ್ ಗೆಳತಿಯ ಮನೆಗೆ ಹೋದಾಗ, ಅಲ್ಲೊಂದು ಮಗು ಕಾರ್ಪೆಟ್ಟಿನ ಮೇಲೆ ಜ್ಯೂಸ್ ಚೆಲ್ಲುವುದರಲ್ಲಿತ್ತು. ಮಗು ಹೀರಿದಾಗ ಮಾತ್ರ ತೆರೆದು, ಬಿಟ್ಟಾಗ ತಾನೇ ಮುಚ್ಚಿಕೊಳ್ಳುವ ಸೀಳು ಇರುವ ಮುಚ್ಚಳವನ್ನು ಅವರು ರೂಪಿಸಿದರು. 1990ರ ದಶಕದಲ್ಲಿ ‘ಎನಿವೇಅಪ್ ಕಪ್’ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ದೊಡ್ಡ ಅಂಗಡಿ ಸರಣಿಯೊಂದನ್ನು ಒಪ್ಪಿಸಲು ಅವರು ಮಾಡಿದ್ದು ಇಷ್ಟೇ. ಜ್ಯೂಸ್ ತುಂಬಿದ ಕಪ್ಪನ್ನು ಬಿಳಿ ಡಬ್ಬಿಯಲ್ಲಿಟ್ಟು ಅಂಚೆಯಲ್ಲಿ ಕಳಿಸಿದರು. ಡಬ್ಬಿ ಕಲೆಯಾಗದೆ ತಲುಪಿತು, ಆರ್ಡರೂ ಬಂತು. ಬೇರೊಂದು ಕಂಪನಿ ಅದೇ ಬಗೆಯದನ್ನು ಮಾರಿದಾಗ ಅವರು ಕೋರ್ಟಿಗೆ ಹೋದರು. 1999ರಲ್ಲಿ ಅವರ ಪೇಟೆಂಟ್ ಗೆದ್ದಿತು.

ಇನ್ನೊಬ್ಬಳು ಅಮೆರಿಕದ ಲಿಲಿ ಬಾರ್ನ್, ಶಾಲಾ ಬಾಲಕಿ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ತಾತ ಕಪ್ ಬೀಳಿಸುವುದನ್ನು ನೋಡಿ, ಕಪ್ಪಿಗೆ ಮೂರು ಕಾಲು ಕೊಟ್ಟಳು. ಅದೇ ‘ಕಾಂಗರೂ ಕಪ್’. ಕಾಲುಗಳು ಹೊರಕ್ಕೆ ಚಾಚಿರುವುದರಿಂದ ಸುಲಭಕ್ಕೆ ಉರುಳದು, ಅವೇ ಹಿಡಿಗಳೂ ಹೌದು.

ಅಷ್ಟು ದೂರ ಯಾಕೆ, ನಮ್ಮ ಅಜ್ಜಿಯರ ಒಳಲೆಯನ್ನೇ ತೆಗೆದುಕೊಳ್ಳಿ. ಎಳೆಗೂಸಿನ ಬಾಯಿಗೆ ಹಾಲು ಬಿಡಲು ಒಂದು ಕಡೆ ಚೂಪಾದ ಕೊಕ್ಕಿರುವ ಆ ಪುಟ್ಟ ಬಟ್ಟಲು. ಅದರಲ್ಲಿ ಸಂದು ಇಲ್ಲ, ಮೂಲೆ ಇಲ್ಲ, ಒಂದು ಬೆರಳಾಡಿಸಿದರೆ ಸ್ವಚ್ಛ. ಬಾಟಲಿಗಿಂತ ಬಟ್ಟಲು, ಚಮಚ ಮೇಲು ಎಂದು ವೈದ್ಯರು ಇವತ್ತಿಗೂ ಹೇಳುವುದು ಇದೇ ಕಾರಣಕ್ಕೆ. ನಮ್ಮ ದೇಶದಲ್ಲಿ 1992ರ ಕಾಯ್ದೆಯ ಪ್ರಕಾರ ಹಾಲಿನ ಬಾಟಲಿಗೆ ಜಾಹೀರಾತು ಕೊಡುವಂತೆಯೇ ಇಲ್ಲ.

ಈ ಮೂರರಲ್ಲೂ ಒಂದು ಸಾಮ್ಯ ಇತ್ತು. ಮಾಡಿದವರು ಮೊದಲು ಕುಡಿಯುವವರನ್ನು ನೋಡಿದ್ದರು. ನಾವು ಎರಡು ತಿಂಗಳಿಂದ ನೋಡಿದ್ದು ನಮ್ಮ ಲೋಟಗಳನ್ನು ಮಾತ್ರ. ಪುಟ್ಟ ಯಾಕೆ ಕುಡಿಯುವುದಿಲ್ಲ ಎಂದು ಒಬ್ಬರೂ ಕೇಳಿರಲಿಲ್ಲ. ‘ಮಕ್ಕಳಿಗೆ ಬೋರು’ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು.

ಶನಿವಾರ, ಭಾನುವಾರ ಅಕ್ಕನ ಮನೆಯಲ್ಲಿ ಸುಮ್ಮನೆ ಕೂತೆ. ಏನನ್ನೂ ಕೊಡಲಿಲ್ಲ, ಏನನ್ನೂ ಹೇಳಲಿಲ್ಲ, ನೋಡಿದೆ ಅಷ್ಟೆ. ನೋಟ್ ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗಿದೆ:

ಒಂದು, ಅಕ್ಕ ಲೋಟವನ್ನು ಕಂಠಮಟ್ಟ ತುಂಬಿಸುತ್ತಾಳೆ. ಎರಡು, ಸ್ಟೀಲ್ ಲೋಟ ಹಾಲಿನಷ್ಟೇ ಬಿಸಿಯಾಗುತ್ತದೆ. ಅಕ್ಕ ಅದನ್ನು ಸೆರಗಿನಲ್ಲಿ ಹಿಡಿದಿರುತ್ತಾಳೆ, ಪುಟ್ಟನಿಗೆ ಸೆರಗಿಲ್ಲ. ಮೂರು, ಲೋಟ ಉದ್ದ, ಅವನ ಬೆರಳುಗಳು ಸುತ್ತಲೂ ಸೇರುವುದಿಲ್ಲ. ನಾಲ್ಕು, ಕೊನೆಯ ಗುಟುಕಿಗೆ ಲೋಟ ಎತ್ತಿದಾಗ ಅವನ ಮುಖವೆಲ್ಲ ಮುಚ್ಚಿಹೋಗುತ್ತದೆ, ಆಗ ಹೆದರಿ ಬಿಡುತ್ತಾನೆ. ಐದು, ಇದೇ ಹುಡುಗ ಬಚ್ಚಲುಮನೆಯ ಮಗ್ಗಿನಲ್ಲಿ ಯಾರೂ ನೋಡದಿದ್ದಾಗ ತಾನೇ ನೀರು ಮೊಗೆದು ಕುಡಿಯುತ್ತಾನೆ!

ಐದನೆಯದನ್ನು ಅಕ್ಕನಿಗೆ ಹೇಳಿದಾಗ ಬೈಗುಳ ಬಿದ್ದದ್ದು ನನಗೆ. ಆದರೆ ಉತ್ತರ ಅಲ್ಲೇ ಇತ್ತು. ಮಗ್ಗು ಸುಡುವುದಿಲ್ಲ, ಅಗಲವಾಗಿದೆ, ಅದಕ್ಕೆ ಹಿಡಿ ಇದೆ. ಎಷ್ಟು ಬೇಕೋ ಅಷ್ಟು ತಾನೇ ತೆಗೆದುಕೊಳ್ಳಬಹುದು.

ಚನ್ನಪಟ್ಟಣದ ಬಳೆ, ಪಾತ್ರೆ ಅಂಗಡಿಯ ಮೀನು

ಈಗ ಲೆಕ್ಕ ಶುರುವಾಯಿತು. ಅಕ್ಕನ ಲೋಟ 10 ಸೆಂ.ಮೀ. ಎತ್ತರ, ತಳದ ಅಗಲ 5 ಸೆಂ.ಮೀ. ತುಂಬಿದಾಗ ಅದರ ಗುರುತ್ವ ಕೇಂದ್ರ ಸುಮಾರು ನಡುವಿನಲ್ಲಿ, ಅಂದರೆ 5 ಸೆಂ.ಮೀ. ಎತ್ತರದಲ್ಲಿ. ಈ ಲೋಟ 26 ಡಿಗ್ರಿಯಷ್ಟು ವಾಲಿದರೆ ಉರುಳುತ್ತದೆ. 7 ಸೆಂ.ಮೀ. ಎತ್ತರ, 6.5 ಸೆಂ.ಮೀ. ತಳದ ಗಿಡ್ಡ ಲೋಟವಾದರೆ 40 ಡಿಗ್ರಿ ದಾಟಿದರೂ ತಾನೇ ಎದ್ದು ನಿಲ್ಲುತ್ತದೆ. ಅದರಲ್ಲಿ 150 ಮಿ.ಲೀ. ಹಾಲು ಹಾಕಿದರೆ ನಾಲ್ಕೂವರೆ ಸೆಂ.ಮೀ. ಮಾತ್ರ ತುಂಬುತ್ತದೆ. ತುಳುಕಲು ಜಾಗ ಉಳಿಯುತ್ತದೆ. 150 ಮಿ.ಲೀ. ಎಂಬ ಅಳತೆ ಅಮ್ಮ ಹೇಳಿದ್ದು. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿ ಕೊಡುವುದು ಅಷ್ಟೇ ಹಾಲು.

ಗಿಡ್ಡ ಸ್ಟೀಲ್ ಲೋಟ ಪಾತ್ರೆ ಅಂಗಡಿಯಲ್ಲೇ ಸಿಕ್ಕಿತು. ಹೊಸದಾಗಿ ಏನೂ ಮಾಡಬೇಕಾಗಿರಲಿಲ್ಲ. ಇನ್ನು ಬಿಸಿಯ ಸಮಸ್ಯೆ. ಮದ್ದೂರಿನಿಂದ ರೈಲಿನಲ್ಲಿ ಚನ್ನಪಟ್ಟಣಕ್ಕೆ ಹೋದೆವು. ಅಲ್ಲಿಯ ಆಟಿಕೆಗಳು ಹಾಲೆ ಮರದವು. ಮರವನ್ನು ಲೇತಿನಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು. ವರ್ಕ್‌ಶಾಪಿನಲ್ಲಿ ಎರಡು ವರ್ಷ ಲೇತ್ ಮುಂದೆ ನಿಂತ ನಮಗೆ, ಒಬ್ಬ ಹಿರಿಯರು ಐದು ನಿಮಿಷದಲ್ಲಿ ತೋರಿಸಿದ ಕೈಚಳಕ ಕಂಡು ನಾಚಿಕೆಯಾಯಿತು.

‘ಪೂರ್ತಿ ಲೋಟಾನೇ ಮರದಲ್ಲಿ ಮಾಡಿಕೊಡ್ತೀರಾ?’ ಎಂದು ಕೇಳಿದೆ. ಅವರು ನಕ್ಕರು. ‘ಬಿಸಿಗೇ ಮೆತ್ತಿದ ಅರಗು ಬಿಸಿ ಹಾಲಿಗೆ ಸುಮ್ನಿರತ್ತಾ? ಮರ ನೀರು ಕುಡಿದು ಸೀಳ್ಬಿಡತ್ತೆ. ಹೊರಗಡೆಗೆ ಒಂದು ಬಳೆ ಮಾಡ್ಕೊಡ್ತೀನಿ, ಹಾಕ್ಕೊಳ್ಳಿ’ ಎಂದರು. ಹಾಗೆ ಹುಟ್ಟಿತು ನಮ್ಮ ಡಿಸೈನ್. ಗಿಡ್ಡ ಸ್ಟೀಲ್ ಲೋಟ, ಅದರ ಹೊಟ್ಟೆಗೆ ಬಿಗಿಯಾಗಿ ಕೂರುವ, ಎಳೆದರೆ ಹೊರಬರುವ ಮರದ ಬಳೆ. ಕೈ ಸುಡುವುದಿಲ್ಲ, ಜಾರುವುದಿಲ್ಲ, ತೊಳೆಯುವಾಗ ತೆಗೆದಿಡಬಹುದು. ಆ ಪೈಪಿನ ತುಂಡಿನೊಳಗಂತೂ ಅದು ಹೋಗುವ ಮಾತೇ ಇಲ್ಲ.

ಮೋಜು ಎಲ್ಲಿ? ಅದು ಮತ್ತೆ ಪಾತ್ರೆ ಅಂಗಡಿಯಲ್ಲೇ ಸಿಕ್ಕಿತು. ನಮ್ಮ ಕಡೆ ಪಾತ್ರೆ ಕೊಂಡರೆ ಅದರ ಮೇಲೆ ಹೆಸರು ಹಾಕಿಸುವುದು ರೂಢಿ. ಮಷೀನಿನಿಂದ ಕಿರ್‌ರ್ ಎಂದು ಚುಕ್ಕಿ ಚುಕ್ಕಿಯಾಗಿ ಬರೆಯುತ್ತಾರೆ. ಲೋಟ ಕೊಟ್ಟು, ‘ಒಳಗೆ, ತಳದಲ್ಲಿ ಒಂದು ಮೀನು ಹಾಕ್ತೀರಾ?’ ಎಂದೆ. ಅವರು ಲೋಟವನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ‘ನಲವತ್ತು ವರ್ಷದಲ್ಲಿ ಯಾರೂ ಮೀನು ಕೇಳಿರ್ಲಿಲ್ಲ’ ಎನ್ನುತ್ತಲೇ ಬರೆದುಕೊಟ್ಟರು. ಲೋಟ ಎಪ್ಪತ್ತು ರೂಪಾಯಿ, ಬಳೆ ಅರವತ್ತು, ಮೀನು ಇಪ್ಪತ್ತು.

ಹಾಲು ಹಾಕಿದರೆ ಮೀನು ಕಾಣುವುದಿಲ್ಲ. ಕುಡಿದು ಮುಗಿಸಿದವನಿಗೆ ಮಾತ್ರ ಕಾಣುತ್ತದೆ. ವಾಸುದೇವನ ಬಟ್ಟಲಿನ ‘ಕೊನೆಗೆ ಏನಾಗುತ್ತೆ’ ಈಗ ಸರಿಯಾದ ಜಾಗಕ್ಕೆ ಬಂದಿತ್ತು.

ಅವತ್ತು ಸಂಜೆ ಪುಟ್ಟ ಮಂಚದ ಕೆಳಗೆ ಹೋಗಲಿಲ್ಲ. ‘ಒಳಗೆ ಮೀನಿದೆಯಂತೆ’ ಎಂದಷ್ಟೇ ಹೇಳಿದೆ. ಎರಡೂ ಕೈಯಲ್ಲಿ ಬಳೆ ಹಿಡಿದು, ನಡುನಡುವೆ ಇಣುಕಿ, ಕುಡಿದು ಮುಗಿಸಿದ. ‘ಮಾಮಾ, ಸಿಕ್ತು!’ ಅಕ್ಕ ಏನೂ ಹೇಳದೆ ಅಡುಗೆಮನೆಗೆ ಹೋದಳು. ಅವಳು ಕಣ್ಣು ಒರೆಸಿಕೊಂಡಳು ಎಂದು ಅಮ್ಮ ಆಮೇಲೆ ಹೇಳಿದಳು.

ಇದನ್ನೂ ಹೇಳಿಬಿಡುತ್ತೇನೆ. ಮೀನಿನ ಮೋಜು ಎಂಟೇ ದಿನ ನಡೆಯಿತು. ಒಂಬತ್ತನೇ ದಿನ ‘ಅದೇ ಮೀನು’ ಎಂದ. ಆದರೆ ಹಾಲು ಕುಡಿಯುವುದನ್ನು ಬಿಡಲಿಲ್ಲ. ಲೋಟ ಅವನ ಕೈಗೆ ಸರಿಯಾಗಿತ್ತು, ಹಾಲು ಅವನ ಅಳತೆಗೆ ತಕ್ಕಷ್ಟಿತ್ತು. ಮೋಜು ಅವನನ್ನು ಹತ್ತಿರ ಕರೆಯಿತು, ಉಳಿಸಿಕೊಂಡದ್ದು ಅಳತೆ.

ಮೀನು ನೋಡಿದ ಹುಡುಗಿ

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗೈಡ್ ‘ಒಂದು ಮಗು ಸಾಲದು, ಇನ್ನಷ್ಟು ಮಕ್ಕಳ ಮೇಲೆ ಟ್ರಯಲ್ ಮಾಡಿ’ ಎಂದರು. ಆರು ಲೋಟ ಮಾಡಿಸಿದೆವು. ಅಮ್ಮನ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು, ಮೂರನೇ ತರಗತಿಯ ಆರು ಮಕ್ಕಳಿಗೆ ಒಂದು ವಾರ ಹಾಲು, ನೀರು ಎರಡಕ್ಕೂ ಅವೇ ಲೋಟ ಕೊಟ್ಟೆವು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಹೆಸರಾಗಿ ನಮ್ಮಲ್ಲಿಗೂ ಬಂದ ‘ವಾಟರ್ ಬೆಲ್’ ಅಲ್ಲಿಯೂ ಇದೆ. ಬೆಲ್ ಹೊಡೆದಾಗ ಮಕ್ಕಳು ನೀರು ಕುಡಿಯಬೇಕು. ನಾನು ಪಟ್ಟಿ ಹಿಡಿದು ಗುರುತು ಹಾಕುತ್ತಿದ್ದೆ.

ಆರರಲ್ಲಿ ಒಬ್ಬಳು ಹುಡುಗಿಗೆ ಲೋಟ ಎಂದರೆ ಪ್ರಾಣ. ಪ್ರತಿ ಬೆಲ್ಲಿಗೂ ಮೊದಲು ಓಡಿಬಂದು ನೀರು ಹಿಡಿದು, ಮೀನನ್ನೇ ನೋಡುತ್ತಾ ಸೀಬೆ ಮರದ ಹಿಂದೆ ಹೋಗಿ, ಖಾಲಿ ಲೋಟ ತಂದು ತೋರಿಸುತ್ತಿದ್ದಳು. ನನ್ನ ಪಟ್ಟಿಯಲ್ಲಿ ಅವಳಿಗೆ ಎಲ್ಲಾ ಟಿಕ್ ಬಿದ್ದಿದ್ದವು. ನಾಲ್ಕನೇ ದಿನ ಅಮ್ಮ ಮೆಲ್ಲಗೆ ಹೇಳಿದಳು, ‘ಆ ಕೂಸು ನೀರು ಕುಡೀತಾ ಇಲ್ಲ ಕಣೋ. ಮರಕ್ಕೆ ಚೆಲ್ತಾ ಅವಳೆ.’

ನಾನು ಕೇಳಿದರೆ ಅವಳು ಹೇಳಲಿಲ್ಲ. ಅಮ್ಮನ ಹತ್ತಿರ ಹೇಳಿದಳು. ‘ಕುಡಿದ್ರೆ ಒಂದಕ್ಕೆ ಹೋಗ್ಬೇಕಲ್ಲ ಆಂಟಿ.’ ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇತ್ತು, ಆದರೆ ದೊಡ್ಡವರ ಎತ್ತರದಲ್ಲಿ. ಅದೂ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಚಿಕ್ಕವರಿಗೆ ಎಟಕುವುದಿಲ್ಲ. ಹೊರಗೆ ಗೆಳತಿಯೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಒಮ್ಮೆ ಹುಡುಗರು ಬಾಗಿಲು ತಳ್ಳಿ ಓಡಿದ್ದರಂತೆ. ಅಂದಿನಿಂದ ಅವಳು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವ ತನಕ ನೀರು ಮುಟ್ಟುತ್ತಿರಲಿಲ್ಲ. ಎಂಟು ವರ್ಷದ ಹುಡುಗಿ.

ಅವಳು ನೀರು ಕುಡಿಯದಿರಲು ಲೋಟ ಕಾರಣವೇ ಆಗಿರಲಿಲ್ಲ. ನೂರು ಮೀನು ಬರೆಸಿದರೂ ಅವಳು ಕುಡಿಯುತ್ತಿರಲಿಲ್ಲ. ಪುಟ್ಟನ ಹತ್ತಿರ ಕಲಿತ ಪಾಠವನ್ನು ನಾನು ಒಂದೇ ತಿಂಗಳಲ್ಲಿ ಮರೆತು, ಮತ್ತೆ ಲೋಟವನ್ನೇ ನೋಡುತ್ತಾ ಟಿಕ್ ಹಾಕುತ್ತಾ ನಿಂತಿದ್ದೆ.

ಮುಖ್ಯೋಪಾಧ್ಯಾಯರನ್ನು ಕೇಳಿದಾಗ ಅವರು ಮುಜುಗರಪಟ್ಟುಕೊಂಡು, ‘ಹಾಕಿಕೊಡ್ರಪ್ಪಾ, ಪುಣ್ಯ ಬರುತ್ತೆ’ ಎಂದರು. ಭಾನುವಾರ ಹಾರ್ಡ್‌ವೇರ್ ಅಂಗಡಿಯಿಂದ ಎರಡು ಚಿಲಕ ತಂದೆವು. ಈ ಸಲ ಮೊದಲು ಅಳೆದೆವು. ಅಮ್ಮ ಆ ಹುಡುಗಿಯನ್ನು, ಒಂದನೇ ತರಗತಿಯ ಇನ್ನಿಬ್ಬರು ಚಿಕ್ಕವರನ್ನು ಕರೆದು ಬಾಗಿಲ ಪಕ್ಕ ನಿಲ್ಲಿಸಿದಳು. ಎಲ್ಲರಿಗಿಂತ ಗಿಡ್ಡ ಇದ್ದವಳ ಭುಜದ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆದು ಅಲ್ಲಿಗೆ ಚಿಲಕ ಕೂರಿಸಿದೆವು. ಹಾಕಿ ತೆಗೆದು, ಹಾಕಿ ತೆಗೆದು ಮೂವರೂ ಪರೀಕ್ಷೆ ಮಾಡಿದರು. ಎರಡು ಚಿಲಕಕ್ಕೆ ತೊಂಬತ್ತು ರೂಪಾಯಿ. ನಲ್ಲಿಯಲ್ಲಿ ಮಧ್ಯಾಹ್ನದ ಮೇಲೆ ಈಗಲೂ ನೀರು ಬರುವುದಿಲ್ಲ. ಅಮ್ಮ ಬೆಳಿಗ್ಗೆಯೇ ಎರಡು ಬಕೆಟ್ ತುಂಬಿಸಿಡುತ್ತಾಳೆ.

ಇದರಲ್ಲಿ ಎಂಜಿನಿಯರಿಂಗ್ ಎಲ್ಲಿದೆ?

ವೈವಾದಲ್ಲಿ ಪರೀಕ್ಷಕರು ಲೋಟವನ್ನು ಕೈಯಲ್ಲಿ ಹಿಡಿದು ಕೇಳಿದ ಪ್ರಶ್ನೆ ಇದು. ವಾಲುವ ಕೋನದ ಲೆಕ್ಕ ತೋರಿಸಿದೆವು, ಪಿಎಲ್‌ಎ ಆನೆ ತೋರಿಸಿದೆವು, 31.7ರ ಪೈಪ್ ತೋರಿಸಿದೆವು. ಕೊನೆಯ ಸ್ಲೈಡಿನಲ್ಲಿ ಚಿಲಕದ ಫೋಟೊ ಇತ್ತು. ‘ಇದು ನಿಮ್ಮ ಪ್ರಾಜೆಕ್ಟಿನ ಭಾಗವೇ?’ ಎಂದರು. ನಾನು, ‘ಸರ್, ನಮ್ಮ ಲೋಟದಲ್ಲಿ ಒಂದು ಮಗು ಯಾಕೆ ಕುಡಿಯಲಿಲ್ಲ ಎಂಬುದರ ಫಲಿತಾಂಶ ಅದು’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಏನೋ ಬರೆದುಕೊಂಡರು. ಹೊಸತನಕ್ಕೆಂದು ಇದ್ದ ಅಂಕಗಳಲ್ಲಿ ನಮಗೆ ಸಿಕ್ಕಿದ್ದು ಕಡಿಮೆಯೇ. ಅವರನ್ನು ದೂರುವಂತಿಲ್ಲ. ಲೋಟ, ಬಳೆ, ಮೀನು, ಚಿಲಕ ಯಾವುದನ್ನೂ ನಾವು ಕಂಡುಹಿಡಿದಿರಲಿಲ್ಲ.

ನೀವೂ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ನನಗೆ ಗೊತ್ತಿರುವ ಒಂದೇ ಮಾತು ಹೇಳುತ್ತೇನೆ. ಲ್ಯಾಪ್‌ಟಾಪ್ ತೆರೆಯುವ ಮೊದಲು ಎರಡು ದಿನ ಯಾರದಾದರೂ ಪಕ್ಕ ಸುಮ್ಮನೆ ಕೂತು ನೋಡಿ. ತೊಳೆಯುವವರನ್ನು ಒಂದು ಮಾತು ಕೇಳಿ. ನಮಗೆ ಎರಡು ತಿಂಗಳು ವ್ಯರ್ಥವಾಗಿದ್ದು ಅಷ್ಟನ್ನು ಮಾಡದೆ.

ಅಂದ ಹಾಗೆ, ಆ ಆರು ಲೋಟ ಶಾಲೆಯಲ್ಲೇ ಇವೆ. ಹೋದ ತಿಂಗಳು ಊರಿಗೆ ಹೋದಾಗ ಅಮ್ಮನಿಗೆ ಊಟ ಕೊಡಲು ಶಾಲೆಗೆ ಹೋಗಿದ್ದೆ. ವಾಟರ್ ಬೆಲ್ ಹೊಡೆಯಿತು. ಆ ಹುಡುಗಿ ನನ್ನನ್ನು ನೋಡಿ, ಲೋಟ ತುಂಬಿಸಿಕೊಂಡು, ಸೀಬೆ ಮರದ ಕಡೆ ಹೋಗದೆ ನನ್ನ ಎದುರಿಗೇ ಬಂದು ನಿಂತಳು. ಗಟಗಟನೆ ಕುಡಿದು ಖಾಲಿ ಲೋಟವನ್ನು ನನ್ನ ಮುಖದ ಹತ್ತಿರ ಹಿಡಿದಳು.

ತಳದಲ್ಲಿ ಮೀನಿತ್ತು.